ಹಳೆ ಸ್ವಿಫ್ಟ್‌ಗೆ ಯಾವ ವೀಲ್: ಹೋಂಡಾ ಸಿಟಿಯದ್ದೋ, 2012ರ ಸ್ವಿಫ್ಟ್‌ನದ್ದೋ?

ನನ್ನದು 2007ರ ಸ್ವಿಫ್ಟ್. ಮನೆ ಮಲ್ಪೆ ಹತ್ತಿರ. ಉಪ್ಪುಗಾಳಿಗೆ 14 ಇಂಚಿನ ಕಬ್ಬಿಣದ ವೀಲ್ ಡಿಸ್ಕ್‌ಗಳ ಅಂಚು ತುಕ್ಕು ಹಿಡಿದು, ಟ್ಯೂಬ್‌ಲೆಸ್ ಟಯರ್‌ನಲ್ಲಿ ಗಾಳಿಯೇ ನಿಲ್ಲುತ್ತಿರಲಿಲ್ಲ. ಹಾಗಾಗಿ ಎರಡು ಸೆಟ್ ಹಳೆ ಅಲಾಯ್ (ಅಲ್ಯೂಮಿನಿಯಂ) ವೀಲ್ ಹಾಕಿ, ಮಂಗಳೂರಿನವರೆಗೆ ಓಡಿಸಿ ನೋಡಿದೆ.

ಮೊದಲು ಭಾವ ಸುಮ್ನೆ ಕೊಟ್ಟ 2010ರ ಹೋಂಡಾ ಸಿಟಿಯದ್ದು, 15 ಇಂಚು. ನಟ್ ಕೂರುವ ತೂತು ನಾಲ್ಕು, ಪಿಸಿಡಿ (ಆ ತೂತುಗಳ ನಡುವಿನ ಮೇಲೆ ಎಳೆದ ವೃತ್ತದ ಅಡ್ಡಳತೆ) 100 ಮಿ.ಮೀ. ನನ್ನ ಕಾರಿನದ್ದೂ ಅಷ್ಟೇ. ನೋಡಲು ಬಹಳ ಚಂದ. ಆದರೆ ಪಡುಬಿದ್ರಿ ದಾಟಿ 80ರಲ್ಲಿ ಹೋಗುವಾಗ ಸ್ಟೇರಿಂಗ್ ನಡುಗಿತು. ಸಿಟಿ ವೀಲ್‌ನ ನಡು ತೂತು 56.1 ಮಿ.ಮೀ., ಅದು ಕೂರುವ ಸ್ವಿಫ್ಟ್‌ನ ಗುಂಡು ಹಬ್ 54.1. ಲೇತ್ ಅಂಗಡಿಯಲ್ಲಿ ತೆಳು ರಿಂಗ್ ಮಾಡಿಸಿ ಆ ಸಂದಿಗೆ ಹಾಕಿದ ಮೇಲೆ ನಡುಕ ನಿಂತಿತು.

ನನ್ನನ್ನು ಹೆದರಿಸಿದ್ದು ನಟ್. ಬಿಚ್ಚಿ ನೋಡಿದರೆ ವೀಲ್‌ನ ತೂತಿನೊಳಗೆ ಕೂದಲೆಳೆಯಷ್ಟು ತೆಳುವಾದ ಹೊಳೆಯುವ ಗೆರೆ, ಅಷ್ಟೇ. ಹೋಂಡಾ ಕಂಪನಿ ವೀಲ್‌ನಲ್ಲಿ ನಟ್ ಕೂರುವ ಜಾಗ ಬಟ್ಟಲಿನ ಹಾಗೆ ಗುಂಡಗೆ. ಸ್ವಿಫ್ಟ್ ನಟ್‌ನ ತುದಿ ಚೂಪು. ಎಷ್ಟು ಬಿಗಿದರೂ ಆ ಗೆರೆಯಲ್ಲಿ ಮಾತ್ರ ತಾಗುತ್ತದೆ. 50 ಕಿ.ಮೀ. ಓಡಿಸಿದ ಮೇಲೆ ಎರಡು ನಟ್ ಅರ್ಧ ಸುತ್ತು ಸಡಿಲವಾಗಿದ್ದವು. ಹೋಂಡಾ ನಟ್ ಹಾಕೋಣ ಅಂದರೆ ಅದರ ಥ್ರೆಡ್‌ನ ಸುತ್ತುಗಳ ಅಂತರ 1.5 ಮಿ.ಮೀ., ನಮ್ಮ ಸ್ಟಡ್‌ನದ್ದು (ನಟ್ ಹತ್ತುವ ಬೋಲ್ಟ್) 1.25. ಹತ್ತುವುದೇ ಇಲ್ಲ. ಬಿಟ್ಟಿ ಸಿಕ್ಕಿತು ಅಂತ ಇದನ್ನು ಓಡಿಸಬೇಡಿ ಮಾರಾಯ್ರೆ.

ಗುಜರಿಯವರು ಫಿಯೆಟ್ ಪುಂಟೋದ್ದೂ ತೋರಿಸಿದರು. ಪಿಸಿಡಿ 98. ಎರಡೇ ಮಿ.ಮೀ. ವ್ಯತ್ಯಾಸ ಅಂತ ತಿರುಗಿಸಿ ಕೂರಿಸುವವರಿದ್ದಾರೆ, ನಟ್ ಓರೆಯಾಗಿ ಕೂರುತ್ತದೆ. ನಾನು ಮುಟ್ಟಲಿಲ್ಲ.

ಕೊನೆಗೆ 2012ರ ಸ್ವಿಫ್ಟ್‌ನ 15 ಇಂಚಿನ ಸೆಟ್ ತಂದೆ. 14 ಸಾವಿರ ಕೊಟ್ಟೆ. ಹಬ್‌ನ ತುಕ್ಕನ್ನು ತಂತಿ ಬ್ರಶ್‌ನಲ್ಲಿ ಉಜ್ಜಿ ಹಿಡಿದರೆ ಕೈಯಲ್ಲೇ ಒಳಗೆ ಜಾರಿತು. ರಿಂಗ್ ಬೇಡ, ಹಳೆ ನಟ್‌ಗಳೇ ಸಾಕು. ಗುಂಡಿಯಲ್ಲಿ ಸ್ವಲ್ಪ ಜಾಸ್ತಿ ಕುಲುಕುತ್ತದೆ, ನಿಜ. ಆದರೆ ನಾಲ್ಕು ಜನ ಕೂತು ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಎಲ್ಲೂ ಉಜ್ಜಲಿಲ್ಲ. ಇದರ 15 ಇಂಚಿನ 185/65 ಟಯರ್ ಹಳೆ 14 ಇಂಚಿನ 185/70ಕ್ಕಿಂತ ಒಟ್ಟು 7 ಮಿ.ಮೀ. ಎತ್ತರ. ಸ್ಪೀಡೋಮೀಟರ್‌ನಲ್ಲಿ ಶೇ 1ರಷ್ಟು ವ್ಯತ್ಯಾಸ, ಗೊತ್ತೂ ಆಗುವುದಿಲ್ಲ. ಸ್ಟೆಪ್ನಿ ಮಾತ್ರ ಹಳೆ 14 ಇಂಚಿನದ್ದೇ ಇದೆ. ಪಂಚರ್ ಆದರೆ ಹತ್ತಿರದ ಅಂಗಡಿಯವರೆಗೆ ನಿಧಾನಕ್ಕೆ ಹೋಗಲು ಸಾಕು.