ಪಿಟ್ಯುಟರಿಯ ಐದು ಸ್ಲೈಡ್‌ಗಳು: ಕೊಳ್ಳಬಹುದು, ಕೈಪಿಡಿಯನ್ನು ನಂಬುವಂತಿಲ್ಲ

ಲ್ಯಾಬ್‌ಗಳಿಗೆಂದು ಮಾರುವ ಈ ಪೆಟ್ಟಿಗೆಯಲ್ಲಿ ಮನುಷ್ಯರ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ, ಬೇರೆ ಬೇರೆ ಬಣ್ಣ ಹಾಕಿದ ಐದು ಸ್ಲೈಡ್‌ಗಳಿವೆ: ಎಚ್ ಅಂಡ್ ಇ (ಎಲ್ಲೆಡೆ ಬಳಸುವ ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣ), ಪಿಎಎಸ್-ಆರೆಂಜ್ ಜಿ (ಸಕ್ಕರೆ ಇರುವಲ್ಲಿ ಮಜೆಂಟಾ ಕೊಡುವ ಪಿಎಎಸ್ ಜೊತೆ ಕಿತ್ತಳೆ ಬಣ್ಣ), ರೆಟಿಕ್ಯುಲಿನ್ (ಕೋಶಗಳ ಸುತ್ತಲಿನ ನವಿರು ಎಳೆಗಳಿಗೆ), ಆಲ್ಡಿಹೈಡ್ ಫುಕ್ಸಿನ್ (ನೇರಳೆ ಬಣ್ಣ), ಕೊನೆಗೆ ಬೆಳವಣಿಗೆ ಹಾರ್ಮೋನನ್ನು ಪ್ರತಿಕಾಯದಿಂದ ಗುರುತಿಸುವ ಇಮ್ಯುನೊ ಸ್ಲೈಡ್. ಜೊತೆಗೆ ಬಾಣದ ಗುರುತು ಹಾಕಿದ ಕೈಪಿಡಿ. ಒಂದು ಎಚ್ ಅಂಡ್ ಇ ಸ್ಲೈಡ್ ತೋರಿಸಿ ಪಿಟ್ಯುಟರಿ ಪಾಠ ಮುಗಿಸುವ ಕಡೆ ಈ ಸೆಟ್ ಬೇಕೇ ಬೇಕು. ಕೈಪಿಡಿಯನ್ನು ಮಾತ್ರ ಪಕ್ಕಕ್ಕಿಟ್ಟು ನೋಡುವುದು ಒಳ್ಳೆಯದು.

ಮೊದಲ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಡುವ ಮುನ್ನ ಬಿಳಿ ಹಾಳೆಯ ಮೇಲೆ ಹಿಡಿದು ನೋಡಿ. ಗ್ರಂಥಿಯ ತೂಕವೇ ಸುಮಾರು ಅರ್ಧ ಗ್ರಾಂ, ಹಾಗಾಗಿ ಇಡೀ ಛೇದ ಒಂದೇ ಕವರ್‌ಸ್ಲಿಪ್ ಅಡಿ ಕೂತಿದೆ. ಗಾಢವಾಗಿರುವುದು ಮುಂಭಾಗದ ಹಾಲೆ, ತಿಳಿಯಾಗಿರುವುದು ಹಿಂಭಾಗದ್ದು. ಆಮೇಲೆ 4ಎಕ್ಸ್‌ನಲ್ಲಿ ಎರಡರ ನಡುವಿನ ಗಡಿ ಹುಡುಕಿ. ಅಲ್ಲಿ ಕಾಣುವುದು ಕೊಲಾಯ್ಡ್ ಎಂಬ ಅಂಟಂಟು ವಸ್ತು ತುಂಬಿದ ಕೆಲವು ಚಿಕ್ಕ ಚೀಲಗಳಷ್ಟೇ. ಮನುಷ್ಯರಲ್ಲಿ ಮಧ್ಯದ ಭಾಗ ಉಳಿಯುವುದೇ ಇಷ್ಟು. ಕೈಪಿಡಿಯ ಚಿತ್ರದಲ್ಲಿ ದಪ್ಪನೆಯ ಮಧ್ಯಪಟ್ಟಿ, ಅದರ ಪಕ್ಕ ಒಂದು ಸೀಳು ಇದೆ. ಅದು ಹಸುವಿನಂಥ ಪ್ರಾಣಿಗಳ ಗ್ರಂಥಿಗೆ ಹೊಂದುವ ಚಿತ್ರ. ಅದನ್ನು ನಂಬಿದ ವಿದ್ಯಾರ್ಥಿ ಇಲ್ಲದ ಸೀಳನ್ನು ಹುಡುಕುತ್ತಲೇ ಇರುತ್ತಾನೆ. ಗಡಿ ದಾಟಿ ಹಿಂಭಾಗದೊಳಗೆ ನುಗ್ಗಿದ ಬೇಸೋಫಿಲ್ ಕೋಶಗಳೂ (ಮುಂಭಾಗದ, ನೇರಳೆ ಛಾಯೆ ಹಿಡಿಯುವ ಕೋಶಗಳು) ಈ ಸ್ಲೈಡಿನಲ್ಲಿವೆ. ವಯಸ್ಕರಲ್ಲಿ ಇದು ಸಹಜ, ಗೆಡ್ಡೆಯಲ್ಲ. ಕೈಪಿಡಿ ಇದರ ಬಗ್ಗೆ ಚಕಾರ ಎತ್ತಿಲ್ಲ.

40ಎಕ್ಸ್‌ಗೆ ಏರಿಸಿದರೆ ಮುಂಭಾಗದ ಮೂರು ಬಗೆಯ ಕೋಶಗಳಾದ ಗುಲಾಬಿ ಅಸಿಡೋಫಿಲ್, ನೇರಳೆ ಛಾಯೆಯ ಬೇಸೋಫಿಲ್, ಬಣ್ಣ ಹಿಡಿಯದ ಕ್ರೋಮೋಫೋಬ್ ಮೂರೂ ಸಿಗುತ್ತವೆ. ಇಲ್ಲಿ ಕೋಶಗಳನ್ನು ಎಣಿಸಿ ಪ್ರಮಾಣ ಹೇಳಲು ಹೋಗಬೇಡಿ. ಛೇದವನ್ನು ನಟ್ಟನಡುವೆ ಮುಂದಿನಿಂದ ಹಿಂದಕ್ಕೆ ತೆಗೆದಿದ್ದಾರೆ. ಬೇಸೋಫಿಲ್‌ಗಳು ಗುಂಪುಗೂಡುವುದು ಆ ನಡುಭಾಗದಲ್ಲೇ. ಬೆಳವಣಿಗೆ ಹಾರ್ಮೋನು ತಯಾರಿಸುವ ಅಸಿಡೋಫಿಲ್‌ಗಳು ಮುಂಭಾಗದ ಕೋಶಗಳಲ್ಲಿ ಸುಮಾರು ಅರ್ಧದಷ್ಟಿದ್ದರೂ ಅವುಗಳ ಠಾವು ಎರಡು ಪಕ್ಕಗಳು. ಹೀಗಾಗಿ ಈ ಸ್ಲೈಡಿನ ಲೆಕ್ಕ ತಲೆಕೆಳಗಾಗುತ್ತದೆ. ಅಡ್ಡಕ್ಕೆ ಕತ್ತರಿಸಿದ ಇನ್ನೊಂದು ಎಚ್ ಅಂಡ್ ಇ ಕೊಟ್ಟಿದ್ದರೆ ಸೆಟ್ ಪೂರ್ಣವಾಗುತ್ತಿತ್ತು.

ಕೊಟ್ಟ ದುಡ್ಡು ಸಾರ್ಥಕವಾಗುವುದು ಎರಡನೇ ಸ್ಲೈಡಿನಲ್ಲಿ. ಅಸಿಡೋಫಿಲ್ ಕಿತ್ತಳೆ, ಬೇಸೋಫಿಲ್ ಕಡು ಮಜೆಂಟಾ, ಗೊಂದಲಕ್ಕೆ ಎಡೆಯೇ ಇಲ್ಲ. ಬೇಸೋಫಿಲ್‌ಗಳ ಹಾರ್ಮೋನುಗಳಾದ ಟಿಎಸ್‌ಎಚ್ (ಥೈರಾಯ್ಡನ್ನು ಪ್ರಚೋದಿಸುವುದು), ಎಫ್‌ಎಸ್‌ಎಚ್, ಎಲ್‌ಎಚ್ (ಅಂಡಾಶಯ, ವೃಷಣಗಳನ್ನು ಪ್ರಚೋದಿಸುವುವು) ಮೂರೂ ಸಕ್ಕರೆ ಸೇರಿದ ಪ್ರೋಟೀನುಗಳಾದ್ದರಿಂದ ಪಿಎಎಸ್ ಬಣ್ಣ ಹಿಡಿಯುತ್ತವೆ. ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್‌ನಲ್ಲಿ ಸಕ್ಕರೆಯಿಲ್ಲ. ಆದರೂ ಅದನ್ನು ತಯಾರಿಸುವ ಕೋಶ ಮಜೆಂಟಾ ಆಗುತ್ತದೆ, ಏಕೆಂದರೆ ಅದರ ಮೂಲ ಪ್ರೋಟೀನಾದ ಪಿಒಎಂಸಿಗೆ ಸಕ್ಕರೆ ಅಂಟಿರುತ್ತದೆ. ಕೆಂಪು ರಕ್ತಕಣಗಳೂ ಕಿತ್ತಳೆಯಾಗಿರುವುದರಿಂದ ಕೋಶಗುಚ್ಛಗಳ ನಡುವಿನ ಲೋಮನಾಳಗಳು ತಾವಾಗೇ ಎದ್ದು ಕಾಣುತ್ತವೆ. ಈ ಬಣ್ಣ ಕೆಡುವುದು ಎರಡು ಕಡೆ: ಆರೆಂಜ್ ಜಿ ನಂತರ ನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಿತ್ತಳೆ ಇಳಿದುಹೋಗುತ್ತದೆ, ಪಿಎಎಸ್‌ಗೆ ಬೇಕಾದ ಶಿಫ್ ದ್ರಾವಣ ಹಳಸಿದ್ದನ್ನು ಬಳಸಿದರೆ ಹಿನ್ನೆಲೆಯೆಲ್ಲ ಗುಲಾಬಿಯಾಗುತ್ತದೆ. ಈ ಸ್ಲೈಡಿನಲ್ಲಿ ಎರಡೂ ತಪ್ಪಿಲ್ಲ.

ಇಂಥ ಒಳ್ಳೆಯ ಸ್ಲೈಡಿಗೆ ಕೈಪಿಡಿ ಮಾಡಿರುವುದು ಅನ್ಯಾಯ. ಒಂದು ಮಜೆಂಟಾ ಕೋಶಕ್ಕೆ ಬಾಣ ಹಾಕಿ ‘ಟಿಎಸ್‌ಎಚ್ ಕೋಶ’, ಪಕ್ಕದ್ದಕ್ಕೆ ‘ಎಲ್‌ಎಚ್ ಕೋಶ’ ಎಂದು ಬರೆದಿದ್ದಾರೆ. ಈ ಬಣ್ಣದಿಂದ ಹಾಗೆ ಹೇಳಲು ಬರುವುದಿಲ್ಲ. ಸಾಧಾರಣ ಮೈಕ್ರೋಸ್ಕೋಪು ಬಿಡಿಸಿ ತೋರಿಸಬಲ್ಲ ಮಿತಿ ಸುಮಾರು 200 ನ್ಯಾನೋಮೀಟರ್. ಕೋಶದೊಳಗೆ ಟಿಎಸ್‌ಎಚ್ ತುಂಬಿದ ಕಣಗಳು ಅದಕ್ಕಿಂತ ಚಿಕ್ಕವು, ನಮಗೆ ಕಾಣುವುದು ಅವುಗಳ ಒಟ್ಟು ಬಣ್ಣ ಮಾತ್ರ. ಮೇಲಾಗಿ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ಎರಡನ್ನೂ ಒಂದೇ ಕೋಶ ತಯಾರಿಸುವುದುಂಟು. ಕೋಶ ಯಾವ ಹಾರ್ಮೋನಿನದು ಎಂದು ಹೇಳಲು ಇಮ್ಯುನೊ ಬಣ್ಣವೇ ಬೇಕು.

ರೆಟಿಕ್ಯುಲಿನ್ ಸ್ಲೈಡ್ ಅಚ್ಚುಕಟ್ಟಾಗಿದೆ. ಪ್ರತಿ ಕೋಶಗುಚ್ಛದ ಸುತ್ತ ಕಪ್ಪು ಎಳೆಗಳು ಮುರಿಯದೆ ಬಳಸಿವೆ. ಅಡಿನೋಮಾ ಎಂಬ ಗೆಡ್ಡೆಯಲ್ಲಿ ಈ ಜಾಲ ಒಡೆದುಹೋಗುತ್ತದೆ. ಹೋಲಿಕೆಗೆ ಅಂಥದ್ದೊಂದು ಇರಬೇಕಿತ್ತು.

ಆಲ್ಡಿಹೈಡ್ ಫುಕ್ಸಿನ್ ಸ್ಲೈಡ್ ಹಿಂಭಾಗದ ಹಾಲೆಗೆ ಮೀಸಲು. 10ಎಕ್ಸ್‌ನಲ್ಲಿ ಒಂದು ಲೋಮನಾಳ ಹುಡುಕಿ, ಅದರ ಪಕ್ಕದಲ್ಲೇ 40ಎಕ್ಸ್ ಹಾಕಿ. ಕಡು ನೇರಳೆಯ, ಅಂಚು ಸ್ಪಷ್ಟವಿಲ್ಲದ ಉಂಡೆಗಳು ಕಾಣುತ್ತವೆ, ಕೆಲವು ಕೆಂಪು ರಕ್ತಕಣಕ್ಕಿಂತ ದೊಡ್ಡವು. 1908ರಲ್ಲಿ ಪರ್ಸಿ ಹೆರಿಂಗ್ ವಿವರಿಸಿದ ಹೆರಿಂಗ್ ಕಾಯಗಳು ಇವೇ. ವಾಸೊಪ್ರೆಸಿನ್, ಆಕ್ಸಿಟೋಸಿನ್ ಹಾರ್ಮೋನುಗಳು ನ್ಯೂರೋಫೈಸಿನ್ ಎಂಬ ವಾಹಕ ಪ್ರೋಟೀನಿನ ಜೊತೆ ಸೇರಿ ನರತಂತುವಿನಲ್ಲಿ ದಾಸ್ತಾನಾದ ಜಾಗಗಳಿವು. ತಯಾರಾಗುವುದು ಇಲ್ಲಲ್ಲ, ಮೇಲೆ ಮಿದುಳಿನ ಹೈಪೋಥಲಾಮಸ್ ಭಾಗದ ಸುಪ್ರಾಆಪ್ಟಿಕ್ ಮತ್ತು ಪ್ಯಾರಾವೆಂಟ್ರಿಕ್ಯುಲರ್ ನರಕೇಂದ್ರಗಳಲ್ಲಿ. ಇಲ್ಲಿ ಕಾಣುವ ಕೋಶಬೀಜಗಳು ಹೆಚ್ಚಾಗಿ ಪಿಟ್ಯುಸೈಟ್ ಎಂಬ ಆಸರೆ ಕೋಶಗಳವು, ನರಕೋಶದವಲ್ಲ. ಒಂದು ಎಚ್ಚರ: ಈ ಬಣ್ಣ ರಕ್ತನಾಳದ ಗೋಡೆಯ ಎಲಾಸ್ಟಿಕ್ ಎಳೆಗಳನ್ನೂ ನೇರಳೆ ಮಾಡುತ್ತದೆ. ತೆಳುವಾಗಿ ಗೆರೆಯಂತಿದ್ದರೆ ಅದು ಎಲಾಸ್ಟಿಕ್.

ಮೊದಲ ಸ್ಲೈಡಿಗೆ ಮರಳಿ, ಗ್ರಂಥಿಯನ್ನು ಮಿದುಳಿಗೆ ಜೋಡಿಸುವ ತೊಟ್ಟಿಗೆ ಹೋಗಿ ಉದ್ದುದ್ದ ರಕ್ತನಾಳಗಳನ್ನು ನೋಡಿ. ಹೈಪೋಥಲಾಮಸ್‌ನ ಆಜ್ಞೆಗಳು ಮುಂಭಾಗಕ್ಕೆ ಇಳಿಯುವ ಪೋರ್ಟಲ್ ನಾಳಗಳು ಅವು. ತೊಟ್ಟು ಕಡಿದರೆ ಮುಂಭಾಗದ ಉಳಿದ ಹಾರ್ಮೋನುಗಳು ಇಳಿಯುತ್ತವೆ, ಪ್ರೋಲ್ಯಾಕ್ಟಿನ್ ಮಾತ್ರ ಏರುತ್ತದೆ, ಏಕೆಂದರೆ ಅದನ್ನು ಹಿಡಿದಿಟ್ಟಿದ್ದ ಡೋಪಮೀನ್ ಬರುವುದಿಲ್ಲ. ಇದನ್ನು ಸ್ಲೈಡ್ ಮುಂದಿಟ್ಟು ಹೇಳಿದರೆ ಮನಸ್ಸಿಗೆ ನಾಟುತ್ತದೆ.

ಇಮ್ಯುನೊ ಸ್ಲೈಡನ್ನು ಅಡ್ಡಕ್ಕೆ ಕತ್ತರಿಸಿದ್ದಾರೆ. ಎರಡೂ ಪಕ್ಕಗಳು ಕಂದು, ನಡುವೆ ವಿರಳ; ಮೊದಲ ಸ್ಲೈಡ್ ಮುಚ್ಚಿಟ್ಟ ವಿಷಯ ಇಲ್ಲಿ ಬಯಲು. ಕಂದು ಬಣ್ಣ ಕೋಶದ್ರವದಲ್ಲಿರಬೇಕು, ಬೀಜ ನೀಲಿಯಾಗಿರಬೇಕು. ಛೇದದ ಅಂಚಿನ ಉದ್ದಕ್ಕೂ ಒಂದೇ ಸಮ ಕಂದಾಗಿದ್ದರೆ ಅದು ಒಣಗಿದ್ದರಿಂದ ಬಂದ ದೋಷ, ಹಾರ್ಮೋನಲ್ಲ. ಈ ಸ್ಲೈಡಿನಲ್ಲೂ ಒಂದು ತುದಿಯಲ್ಲಿ ಹಾಗಾಗಿದೆ. ಪ್ರತಿಕಾಯ ಹಾಕದ ನೆಗೆಟಿವ್ ಕಂಟ್ರೋಲ್ ಸ್ಲೈಡ್ ಕೊಟ್ಟಿಲ್ಲ, ಇದು ದೊಡ್ಡ ಕೊರತೆ.

ಪೆಟ್ಟಿಗೆ ಬಂದ ದಿನವೇ ಐದನ್ನೂ 40ಎಕ್ಸ್‌ನಲ್ಲಿ ಫೋಕಸ್ ಮಾಡಿ ನೋಡಿ. ಕವರ್‌ಸ್ಲಿಪ್ 0.17 ಮಿಲಿಮೀಟರ್‌ಗಿಂತ ಬಹಳ ದಪ್ಪವಿದ್ದರೆ ಅಥವಾ ಅಂಟು ಹೆಚ್ಚಾಗಿದ್ದರೆ ಚಿತ್ರ ಮಸುಕಾಗುತ್ತದೆ, ಅಂಥದ್ದನ್ನು ವಾಪಸ್ ಕಳಿಸಿ. ಬೆಳಕಿಗೆ ಇಯೋಸಿನ್ ಮಾಸುತ್ತದೆ, ಸ್ಲೈಡ್‌ಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲೇ ಇಡಿ.