ಲೋಕಸ್ಟ್ ಕಟ್ಟೋದಾ, ಟೆಟ್ರಾರ್ಕ್ ಕಟ್ಟೋದಾ?

ಹ್ಯಾಮಿಲ್ಕಾರ್ ಗ್ಲೈಡರಿನ (ಎಂಜಿನ್ ಇಲ್ಲದ ವಿಮಾನ) ಹೊಟ್ಟೆಯಲ್ಲಿ ಕೂತು ಎರಡನೇ ಮಹಾಯುದ್ಧಕ್ಕೆ ಇಳಿದ ಟ್ಯಾಂಕ್‌ಗಳು ಎರಡು: ಬ್ರಿಟನ್ನಿನ ಟೆಟ್ರಾರ್ಕ್, ಅಮೆರಿಕದ ಎಂ22 ಲೋಕಸ್ಟ್. ಎರಡರ 1/35 ಸ್ಕೇಲಿನ (ಅಸಲಿಯ 35ನೇ ಒಂದು ಅಳತೆ) ಪ್ಲಾಸ್ಟಿಕ್ ಮಾದರಿ ಕಿಟ್‌ಗಳನ್ನೂ ಕಟ್ಟಿದ್ದೇನೆ. ಒಂದನ್ನೇ ಕೊಳ್ಳುವುದಾದರೆ ಟೆಟ್ರಾರ್ಕ್ ಕೊಳ್ಳಿ. ಟ್ಯಾಂಕ್ ಕಟ್ಟುವುದು ಇದೇ ಮೊದಲಾದರೆ ಮಾತ್ರ ಲೋಕಸ್ಟ್ ವಾಸಿ.

ಲೋಕಸ್ಟ್‌ನದು ಬೆಸುಗೆ ಹಾಕಿದ ಚಪ್ಪಟೆ ಮೈ. ಸಂದಿ ಕಂಡಲ್ಲಿ ಪುಟ್ಟಿ ತುಂಬಿ ಉಜ್ಜಿದರೆ ಮುಗಿಯಿತು. ಎರಕದ ಟರೆಟ್ (ಫಿರಂಗಿ ಇರುವ, ತಿರುಗುವ ಮೇಲ್ಗೋಪುರ) ನನಗೆ ಸ್ವಲ್ಪ ಜಾಸ್ತಿಯೇ ನುಣುಪು ಅನ್ನಿಸಿತು. ತೆಳು ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ದ್ರವ) ಸವರಿ, ಪ್ಲಾಸ್ಟಿಕ್ ಮೆತ್ತಗಾದಾಗ ಹಳೇ ಗಟ್ಟಿ ಬ್ರಷ್ಷಿನಿಂದ ಕುಟ್ಟಿದೆ. ಎರಕದ ತರಿ ಚೆನ್ನಾಗಿ ಎದ್ದಿತು. ಬದಿಗೆ ಎರಡು ಬೋಗಿ (ಜೋಡಿ ಚಕ್ರದ ಚೌಕಟ್ಟು), ಹಿಂದೆ ನೆಲಕ್ಕೆ ತಾಗುವ ಐಡ್ಲರ್, ಅಂದರೆ ಟ್ರ್ಯಾಕನ್ನು (ಚಕ್ರಗಳ ಸುತ್ತಲಿನ ಸರಪಳಿ ಪಟ್ಟಿ) ಬಿಗಿಯಾಗಿ ಹಿಡಿಯುವ ಚಕ್ರ. ಅಮೆರಿಕದ್ದೇ ಆದ ಸ್ಟುವರ್ಟ್ ಟ್ಯಾಂಕ್ ಕಟ್ಟಿದವರಿಗೆ ಇದರಲ್ಲಿ ಹೊಸದೇನಿಲ್ಲ.

ಟೆಟ್ರಾರ್ಕ್‌ನದು ರಿವೆಟ್ ಹೊಡೆದ ಮೈ. ಸಂದಿ ಉಜ್ಜಲು ಹೋದರೆ ಪಕ್ಕದ ರಿವೆಟ್‌ಗಳೂ ಸವೆಯುತ್ತವೆ, ಹಾಗಾಗಿ ಅಂಟು ಮುಟ್ಟುವ ಮೊದಲು ಮತ್ತೆ ಮತ್ತೆ ಕೂಡಿಸಿ ನೋಡಲೇಬೇಕು. ಆದರೆ ಮಜಾ ಇರುವುದು ಚಕ್ರಗಳಲ್ಲಿ! ಬದಿಗೆ ನಾಲ್ಕೇ ದೊಡ್ಡ ಚಕ್ರ, ಟ್ರ್ಯಾಕನ್ನು ಓಡಿಸುವುದು ಹಿಂದಿನದು. ಚಾಲಕ ಸ್ಟಿಯರಿಂಗ್ ತಿರುಗಿಸಿದರೆ ಚಕ್ರಗಳು ಓರೆಯಾಗಿ ಟ್ರ್ಯಾಕೇ ಬಿಲ್ಲಿನ ಹಾಗೆ ಬಾಗುತ್ತಿತ್ತು. ಬಿಗಿ ತಿರುವಿಗೆ ಮಾತ್ರ ಒಂದು ಬದಿಗೆ ಬ್ರೇಕ್. ಆ ಬಾಗು ಕಾಣಲೆಂದು ಆಕ್ಸಲ್ ತುದಿಗಳನ್ನು ಕೂದಲೆಳೆಯಷ್ಟು ಅರದಲ್ಲಿ ಉಜ್ಜಿ ಚಕ್ರ ಅಂಟಿಸಿದೆ. ಟ್ರ್ಯಾಕಿನ ಬಿಡಿ ಕೊಂಡಿಗಳನ್ನು ಪಟ್ಟಿಯಾಗಿ ಜೋಡಿಸಿ, ಅಂಟು ಪೂರ್ತಿ ಒಣಗುವ ಮುಂಚೆ ಸುತ್ತಿದೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು, ಬೇಜಾರಿಲ್ಲ.

ಎರಡೂ ಕಟ್ಟಿದ ಮೇಲೆ 12 ಸೆಂ.ಮೀ. ಉದ್ದವೂ ಆಗುವುದಿಲ್ಲ. ಪಕ್ಕದಲ್ಲಿ ಅದೇ ಸ್ಕೇಲಿನ ಹ್ಯಾಮಿಲ್ಕಾರ್ ನಿಲ್ಲಿಸುವ ಆಸೆ ಬೇಡ: ಅಸಲಿ ರೆಕ್ಕೆಯ ಅಗಲ ಸುಮಾರು 33.5 ಮೀಟರ್, ಅಂದರೆ ಶೆಲ್ಫಿನಲ್ಲಿ ಹತ್ತಿರ ಹತ್ತಿರ ಒಂದು ಮೀಟರ್!

ಡಯೋರಾಮಾ (ಮಾದರಿಗಳನ್ನಿಟ್ಟು ಮಾಡುವ ಪುಟ್ಟ ದೃಶ್ಯ) ಮಾಡುವವರಿಗೂ ಟೆಟ್ರಾರ್ಕೇ ಸರಿ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಇಳಿದಾಗ ಹೊಲದಲ್ಲಿ ಬಿದ್ದಿದ್ದ ಪ್ಯಾರಾಶೂಟ್‌ಗಳ ಹಗ್ಗ ಹಲವು ಟೆಟ್ರಾರ್ಕ್‌ಗಳ ಚಕ್ರಕ್ಕೆ ಸುತ್ತಿಕೊಂಡಿತ್ತು. ನೀರು ಬೆರೆಸಿದ ಬಿಳಿ ಗೋಂದಿನಲ್ಲಿ ಅದ್ದಿದ ಟಿಶ್ಯೂ ಕಾಗದ, ಒಂದಿಷ್ಟು ದಾರ ಇದ್ದರೆ ಆ ದೃಶ್ಯ ಸಿದ್ಧ. ಲೋಕಸ್ಟ್‌ಗೆ ಅಂಥ ಆಯ್ಕೆ ಕಡಿಮೆ: 830 ತಯಾರಾದರೂ ಅಮೆರಿಕನ್ನರು ಅದನ್ನು ಯುದ್ಧಕ್ಕೆ ಇಳಿಸಲೇ ಇಲ್ಲ; ಬ್ರಿಟಿಷರು 1945ರ ಮಾರ್ಚ್ 24ರಂದು ರೈನ್ ನದಿಯಾಚೆಗೆ ಗ್ಲೈಡರ್‌ಗಳಲ್ಲಿ ಕಳಿಸಿದ್ದು ಬರೀ ಎಂಟು. ನನ್ನದನ್ನು ಬರೀ ಮರದ ಹಲಗೆಯ ಮೇಲೆ ಕೂರಿಸಿದ್ದೇನೆ.