ಪೀಣ್ಯದ ಒಂದು ಲೋಹದಂಗಡಿ: ದರ ಸಂಜೆ 5ರವರೆಗೆ ಮಾತ್ರ

ಅಂಗಡಿಯ ಹೆಸರು ಬರೆಯುತ್ತಿಲ್ಲ. ಬರೆಯಲೇ ಎಂದು ಯಜಮಾನರನ್ನು ಕೇಳಿದಾಗ, "ಬೇಡಮ್ಮ, ಈಗಲೇ ಗರಗಸದ ಮುಂದೆ ಸಾಲು ನಿಂತಿದೆ" ಎಂದರು. ಪೀಣ್ಯ ಎರಡನೇ ಹಂತದಲ್ಲಿ ಓಡಾಡುವವರಿಗೆ ಗುರುತು ಸಾಕು: ಹಸಿರು ಶಟರ್, ಒಳಗೆ ಎಡಕ್ಕೆ ರಾಡುಗಳ ರ‍್ಯಾಕ್, ಬಾಗಿಲಲ್ಲೇ ತೂಗುಹಾಕಿದ ಬಿಳಿ ಬೋರ್ಡ್.

ನನ್ನದು ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ (ಎರಡೂ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಯಂತ್ರಗಳು) ಇರುವ ಸಣ್ಣ ಶಾಪ್. ಅಪ್ಪ ಕಟ್ಟಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಮೈಕ್ರಾನ್ ತಪ್ಪಿ ನಷ್ಟವಾದದ್ದಕ್ಕಿಂತ ಕಿಲೋ ದರ ತಪ್ಪಿ ನಷ್ಟವಾದದ್ದೇ ನಮ್ಮಲ್ಲಿ ಹೆಚ್ಚು. ಆದ್ದರಿಂದ ಈ ಅಂಗಡಿಯಲ್ಲಿ ನಾನು ಮೊದಲು ಮೆಚ್ಚಿದ್ದು ರಾಡನ್ನಲ್ಲ, ಆ ಬೋರ್ಡನ್ನು. ದಿನವೂ ಬೆಳಿಗ್ಗೆ, ಜಗತ್ತಿನ ಲೋಹದ ದರಗಳು ನಿಗದಿಯಾಗುವ ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನ ಅಲ್ಯೂಮಿನಿಯಂ, ತಾಮ್ರ, ನಿಕಲ್ ದರಗಳನ್ನು ಬರೆಯುತ್ತಾರೆ. ಪಕ್ಕದಲ್ಲಿ ಡಾಲರ್ ಬೆಲೆ, ಅದರ ಕೆಳಗೆ ತಮ್ಮ ಕಿಲೋ ದರ. ಕೊನೆಯ ಸಾಲು ಯಾವತ್ತೂ ಒಂದೇ: "ಸಂಜೆ 5ರವರೆಗೆ". ಫೋನಿನಲ್ಲಿ ಒಂದು ದರ ಹೇಳಿ, ಟೆಂಪೋ ಬಂದಾಗ ಬಿಲ್ಲಿನಲ್ಲಿ ಇನ್ನೊಂದು ಕಾಣಿಸುವ ಅಂಗಡಿಗಳಲ್ಲಿ ಹತ್ತು ವರ್ಷ ಕಳೆದವಳಿಗೆ ಇದು ಸಣ್ಣ ವಿಷಯವಲ್ಲ.

ಇಲ್ಲಿಗೆ ನಾನು ಬಂದದ್ದು 2022ರ ಮಾರ್ಚ್‌ನಲ್ಲಿ, ಬೇರೆ ದಾರಿಯಿಲ್ಲದೆ. ಜಿಗಣಿಯ ಒಬ್ಬ ಗ್ರಾಹಕರಿಗೆ ವಾಲ್ವ್ ಸ್ಪಿಂಡಲ್‌ಗಳನ್ನು ಮೂರು ತಿಂಗಳು ಒಂದೇ ದರದಲ್ಲಿ ಕೊಡುವುದಾಗಿ ಒಪ್ಪಿಕೊಂಡಿದ್ದೆ. ಸರಕು 316 ಸ್ಟೇನ್‌ಲೆಸ್. ಅದರಲ್ಲಿ ನಿಕಲ್ ಶೇ 10ಕ್ಕಿಂತ ಕಡಿಮೆ ಇರುವಂತಿಲ್ಲ. ಮಾರ್ಚ್ 8ರಂದು ಲಂಡನ್ನಿನಲ್ಲಿ ನಿಕಲ್ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿತು. ಎಕ್ಸ್‌ಚೇಂಜ್‌ನವರು ವ್ಯವಹಾರವನ್ನೇ ನಿಲ್ಲಿಸಿ, ಆ ದಿನದ ಖರೀದಿ-ಮಾರಾಟಗಳನ್ನು ರದ್ದು ಮಾಡಿದರು. ನನಗೆ ಸರಕು ಕೊಡುತ್ತಿದ್ದವರು ಫೋನ್ ಎತ್ತುವುದನ್ನು ನಿಲ್ಲಿಸಿದರು. ಈ ಯಜಮಾನರು ಬೋರ್ಡಿನಲ್ಲಿ ನಿಕಲ್ ಸಾಲನ್ನು ಅಳಿಸಿ ಕುಳಿತಿದ್ದರು. "ಹೊಸ ದರ ನನಗೇ ಗೊತ್ತಿಲ್ಲ. ರ‍್ಯಾಕ್‌ನಲ್ಲಿರುವುದನ್ನು ಹೋದ ವಾರದ ದರಕ್ಕೆ ಕೊಡುತ್ತೇನೆ, ಆದರೆ ಒಬ್ಬರಿಗೆ 100 ಕಿಲೋ ಮಾತ್ರ" ಎಂದರು. ನನಗೆ ಬೇಕಿದ್ದದ್ದು ಅದರ ಎರಡರಷ್ಟು. ಆದರೂ ಮೊದಲ ಲಾಟ್ ಹೊತ್ತಿಗೆ ಹೋಯಿತು.

ಈಗ ನಾನು ಹೆಚ್ಚಾಗಿ ಬಳಸುವುದು ಅವರ ಬುಕಿಂಗ್. ಕಾಲು ಭಾಗ ಮುಂಗಡ ಕೊಟ್ಟರೆ ಅಂದಿನ ದರವನ್ನು 30 ದಿನ ಹಿಡಿದಿಡುತ್ತಾರೆ. 31ನೇ ದಿನ ಬೋರ್ಡಿನ ದರ. ಬೆಲೆ ಏರುತ್ತದೆಂದು ಒಂದು ಟನ್ ತಂದು ಪೇರಿಸುವ ಶಕ್ತಿ ನನಗಿಲ್ಲ. ಹಾಗೆ ಪೇರಿಸಿದ ಮೇಲೆ ಬೆಲೆ ಇಳಿದು ಕೈ ಸುಟ್ಟುಕೊಂಡವರು ನಮ್ಮ ರಸ್ತೆಯಲ್ಲೇ ಇದ್ದಾರೆ. ಈ ಸೌಲಭ್ಯ ಸಿಕ್ಕ ಮೇಲೆ ನನ್ನ ಕೊಟೇಶನ್ ಕೂಡ ಬದಲಾಗಿದೆ. ಸರಕಿನ ಬೆಲೆ ಒಂದು ಸಾಲು, ಮಷೀನಿಂಗ್ ಇನ್ನೊಂದು ಸಾಲು. ಸರಕಿನ ಸಾಲಿಗೆ 7 ದಿನದ ಗಡುವು. ಗ್ರಾಹಕರು ಮೊದಲು ಗೊಣಗಿದರು, ಈಗ ಬೇಗ ಸಹಿ ಹಾಕುತ್ತಾರೆ.

ಇನ್ನು ಕಟಿಂಗ್. ಹೋದ ತಿಂಗಳು 32 ಮಿ.ಮೀ. ವ್ಯಾಸದ, ಮೂರು ಮೀಟರ್ ಉದ್ದದ 316 ರಾಡ್ ಒಂದನ್ನು 112 ಮಿ.ಮೀ. ತುಂಡುಗಳಾಗಿ ಕತ್ತರಿಸಿಕೊಂಡೆ. ಪ್ರತಿ ತುಂಡಿಗೂ ಗರಗಸದ ಬಾಯಿಗೆ 2 ಮಿ.ಮೀ. ಹೋಗಿ 26 ತುಂಡು ಸಿಕ್ಕವು, ಕೊನೆಗೆ 36 ಮಿ.ಮೀ. ಉಳಿಯಿತು. ಕತ್ತರಿಸುವ ಹುಡುಗ ಒಂದು ಕೆಲಸವನ್ನು ತಪ್ಪಿಸುವುದಿಲ್ಲ. ಇಡೀ ರಾಡ್ ಮುಗಿಯದಿದ್ದರೆ, ಗರಗಸ ಇಳಿಸುವ ಮುನ್ನವೇ ರ‍್ಯಾಕ್‌ಗೆ ವಾಪಸ್ ಹೋಗುವ ತುಂಡಿನ ಮೇಲೆ ಹೀಟ್ ನಂಬರನ್ನು (ರಾಡು ಯಾವ ಎರಕದ್ದು ಎಂದು ಹೇಳುವ ಮಿಲ್ಲಿನ ಸಂಖ್ಯೆ) ಪಂಚಿನಿಂದ ಒಂದೊಂದೇ ಅಂಕಿಯಾಗಿ ಹೊಡೆಯುತ್ತಾನೆ. ನಂಬರಿದ್ದ ತುದಿ ಕತ್ತರಿಸಿಹೋದರೆ ಉಳಿದದ್ದು ಅನಾಥ ರಾಡು. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟ್ ಕೈಯಲ್ಲಿದ್ದರೂ ಅದು ಯಾವ ರಾಡಿನದು ಎಂದು ಹೇಳಲಾಗುವುದಿಲ್ಲ. ವೈದ್ಯಕೀಯ ಉಪಕರಣದವರಿಗೆ ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು.

ಎಕ್ಸ್‌ರೇ ಹಾಯಿಸಿ ಲೋಹದಲ್ಲಿ ಏನೇನಿದೆ ಎಂದು ಪರೀಕ್ಷಿಸುವ ಎಕ್ಸ್‌ಆರ್‌ಎಫ್ ಗನ್ ಕೂಡ ಇದೆ. ಸ್ಟೇನ್‌ಲೆಸ್‌ನ ಇನ್ನೊಂದು ದರ್ಜೆಯಾದ 304ಕ್ಕೂ 316ಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ, ಅಯಸ್ಕಾಂತಕ್ಕೂ ಇಲ್ಲ. ಗನ್ ಹಿಡಿದರೆ, 316ರ ಗುರುತಾದ ಮಾಲಿಬ್ಡಿನಮ್ ಶೇ 2ರ ಮೇಲಿದೆಯೇ ಎಂದು ಕೆಲವೇ ಕ್ಷಣದಲ್ಲಿ ಹೇಳುತ್ತದೆ. ಆದರೆ ಶಾಫ್ಟ್‌ಗಳಿಗೆ ಬಳಸುವ ಉಕ್ಕಾದ ಇಎನ್ 8ರ ವಿಷಯದಲ್ಲಿ ಅದನ್ನು ನಂಬಬೇಡಿ. ಅದು ಇಂಗಾಲವನ್ನು ಅಳೆಯುವುದಿಲ್ಲ, ಇಎನ್ 8ಕ್ಕೂ ಮೈಲ್ಡ್ ಸ್ಟೀಲ್‌ಗೂ ಇರುವ ಮುಖ್ಯ ವ್ಯತ್ಯಾಸವೇ ಇಂಗಾಲ. ಒಮ್ಮೆ ಇಲ್ಲಿಂದ ಒಯ್ದ ರಾಡಿನ ಶಾಫ್ಟ್‌ಗಳು ಹಾರ್ಡನಿಂಗ್‌ನಲ್ಲಿ ಗಡಸು ಬರದೆ ವಾಪಸ್ ಬಂದವು. ಯಜಮಾನರು ಸರಕನ್ನು ಬದಲಿಸಿ ಕೊಟ್ಟರು, ನಮ್ಮ ಎರಡು ದಿನದ ಮಷೀನ್ ಸಮಯವನ್ನು ಕೊಡಲಿಲ್ಲ. ಅಂದಿನಿಂದ ಇಎನ್ 8 ಆದರೆ ಒಂದು ತುಂಡನ್ನು ಲ್ಯಾಬಿಗೆ ಕಳಿಸಿಯೇ ಮುಂದಿನ ಮಾತು.

ದೂರುಗಳು ಇನ್ನೂ ಇವೆ. ದರ ಹೊರಗಿಗಿಂತ ಕಿಲೋಗೆ 10–12 ರೂಪಾಯಿ ಹೆಚ್ಚು. ಗರಗಸದ ಪುಡಿಗೂ ನನ್ನಿಂದಲೇ ಹಣ, ಪುಡಿ ಮಾತ್ರ ಅವರಿಗೆ. ಸಾಲವಂತೂ ಒಂದು ದಿನಕ್ಕೂ ಇಲ್ಲ. ನಮ್ಮಂಥ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ, ನನ್ನ ಗ್ರಾಹಕರು 90 ದಿನ ಎನ್ನುತ್ತಾರೆ, ಯಜಮಾನರು ಕೈ ಚಾಚಿ ನಿಂತಿರುತ್ತಾರೆ. ಈ ಮೂರನ್ನು ಹೊಂದಿಸುವುದಕ್ಕೆ ನನ್ನ ಓವರ್‌ಡ್ರಾಫ್ಟ್ ಇದೆ.

ಹೋಗುವವರು ಮಧ್ಯಾಹ್ನ ಒಂದರಿಂದ ಮೂರರ ನಡುವೆ ಹೋಗಬೇಡಿ, ಗರಗಸ ನಿಂತಿರುತ್ತದೆ. ಬುಕಿಂಗ್‌ನ ಗುಲಾಬಿ ಚೀಟಿಯನ್ನು ಜೋಪಾನವಾಗಿಡಿ. ನಾನು ಒಮ್ಮೆ ಕಳೆದುಕೊಂಡೆ. ಯಜಮಾನರು ಕಾರ್ಬನ್ ಪುಸ್ತಕ ತೆಗೆದು ಹುಡುಕಿ ಹಳೆಯ ದರವನ್ನೇ ಹಾಕಿದರು, ಆದರೆ ಅಪ್ಪನ ಹೆಸರೆತ್ತಿ ಅರ್ಧ ಗಂಟೆ ಬೈದರು.